ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್ ಬರೆಯುವುದು, ಪೋಸ್ಟರ್ ಕಟ್ಟುವುದು

(ಯುವ ಸಂಶೋಧಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಮ್ಮೇಳನಗಳಲ್ಲಿ ಮಂಡನೆಯಾಗುವ ಕೆಲಸಗಳಲ್ಲಿ ಎಷ್ಟು ಮುಂದೆ ಪೂರ್ಣ ಪ್ರಬಂಧವಾಗಿ ಅಚ್ಚಾಗುತ್ತವೆ? ಜೀವವೈದ್ಯಕೀಯ ಕ್ಷೇತ್ರದ ಮಟ್ಟಿಗೆ ಇದಕ್ಕೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆಯಾದ ಕೊಕ್ರೇನ್‌ನ 2018ರ ಪರಾಮರ್ಶೆಯೊಂದು ಉತ್ತರ ಕೊಟ್ಟಿದೆ. ಮೂರು ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟ್‌ಗಳನ್ನು (ಸಮ್ಮೇಳನಕ್ಕೆ ಕಳಿಸುವ ಕಿರು ಸಾರಾಂಶಗಳನ್ನು) ಲೆಕ್ಕಕ್ಕೆ ಹಿಡಿದರೆ, ಪ್ರಬಂಧವಾಗಿ ಹೊರಬಂದದ್ದು ಸುಮಾರು 37% ಮಾತ್ರ. ಮಿಕ್ಕ ಕೆಲಸಗಳ ಪಾಲಿಗೆ ಸಮ್ಮೇಳನಕ್ಕೆ ಕಳಿಸಿದ ಆ ಇನ್ನೂರೈವತ್ತು ಪದಗಳೇ ಮೊದಲ ದಾಖಲೆ, ಕೊನೆಯ ದಾಖಲೆ. ಮುಂದೊಂದು ದಿನ ಯಾರೋ ಅದೇ ಪ್ರಶ್ನೆ ಹಿಡಿದು ಹುಡುಕಿದರೆ ಅವರ ಕೈಗೆ ಸಿಗುವುದು ಅಷ್ಟೇ. ಅದೇ ಪರಾಮರ್ಶೆ ಇನ್ನೊಂದು ವಿಷಯವನ್ನೂ ತೋರಿಸಿತು: ನಿರೀಕ್ಷಿಸಿದ ಫಲ ಸಿಕ್ಕ ಅಧ್ಯಯನಗಳು ಪ್ರಕಟವಾಗುವ ಸಂಭವ ಹೆಚ್ಚು. ಅಂದರೆ 'ಪರಿಣಾಮ ಕಾಣಲಿಲ್ಲ' ಎಂಬ ಫಲಿತಾಂಶ ನಿಮ್ಮ ಬಳಿ ಇದ್ದರೆ, ಅದರ ಅಬ್‌ಸ್ಟ್ರಾಕ್ಟ್ ಇನ್ನೂ ಜತನದಿಂದ ಬರೆಯಬೇಕು. ಅದು ಬೇರೆಲ್ಲೂ ಸಿಗದೇ ಹೋಗಬಹುದು.

ಆದ್ದರಿಂದ ಇವತ್ತು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ಅಬ್‌ಸ್ಟ್ರಾಕ್ಟ್ ಆಗಲಿ, ಪೋಸ್ಟರ್ ಆಗಲಿ, ವಿವರಿಸಲು ನೀವು ಪಕ್ಕದಲ್ಲಿ ಇಲ್ಲದಿದ್ದಾಗಲೂ ಅರ್ಥವಾಗಬೇಕು. ಏನು ಕಂಡುಬಂತು, ಎಷ್ಟು ಪ್ರಮಾಣದಲ್ಲಿ, ಯಾರ ಮೇಲೆ ಅಥವಾ ಯಾವುದರ ಮೇಲೆ ನೋಡಿದ್ದು, ಎಷ್ಟರ ಮಟ್ಟಿಗೆ ನಂಬಬಹುದು ಎಂಬ ನಾಲ್ಕಕ್ಕೂ ಆ ಹಾಳೆಯಲ್ಲೇ ಉತ್ತರ ಸಿಗಬೇಕು.

ಬರೆಯುವ ಮೊದಲು

ಸಮ್ಮೇಳನದ ಸೂಚನೆಗಳನ್ನು ಪೂರ್ತಿ ಓದಿ, ಬೇಕಾದದ್ದನ್ನು ಒಂದು ಚೀಟಿಗೆ ಇಳಿಸಿಕೊಳ್ಳಿ. ಮಿತಿ ಪದಗಳಲ್ಲಿದೆಯೋ ಅಕ್ಷರಗಳಲ್ಲಿದೆಯೋ? ಅಕ್ಷರಗಳಲ್ಲಾದರೆ ಖಾಲಿ ಜಾಗವೂ ಎಣಿಕೆಗೆ ಬರುತ್ತದೆಯೋ? ಶೀರ್ಷಿಕೆ, ಲೇಖಕರ ಹೆಸರು, ಕೋಷ್ಟಕ ಮಿತಿಯೊಳಗೆ ಸೇರುತ್ತವೆಯೋ ಹೊರಗೋ? ಸಾಮಾನ್ಯವಾಗಿ 200ರಿಂದ 350 ಪದಗಳ ನಡುವೆ ಎಲ್ಲೋ ಮಿತಿ ಇರುತ್ತದೆ. ಮಿತಿ 250 ಆಗಿದ್ದರೆ, ಜಾಲತಾಣದಲ್ಲಿ ಅರ್ಜಿ ತುಂಬುವ ಕಿಂಡಿ 251ನೇ ಪದದಿಂದ ಮುಂದಿನದನ್ನು ಸುಮ್ಮನೆ ಕತ್ತರಿಸಿ ಹಾಕುವುದೂ ಉಂಟು. ಆಗ ಹಾರಿಹೋಗುವುದು ನಿಮ್ಮ ತೀರ್ಮಾನದ ವಾಕ್ಯ.

ಲೇಖಕರ ಹೆಸರು ಮುಚ್ಚಿಟ್ಟು ಪರಿಶೀಲಿಸುವ ಸಮ್ಮೇಳನಗಳಲ್ಲಿ ಪಠ್ಯದೊಳಗೆ ಸಂಸ್ಥೆಯ ಹೆಸರು ಬಂದರೆ ಓದದೆಯೇ ತಿರಸ್ಕರಿಸುವ ನಿಯಮ ಇರಬಹುದು. 'ನಮ್ಮ ಇಂಥ ಆಸ್ಪತ್ರೆಯಲ್ಲಿ' ಎಂದು ಬರೆಯುವ ಬದಲು 'ಒಂದು ಬೋಧನಾ ಆಸ್ಪತ್ರೆಯಲ್ಲಿ' ಎಂದರೆ ಸಾಕು. ವಿಭಾಗದ ಆಯ್ಕೆಯನ್ನು ಕೊನೆಯ ನಿಮಿಷಕ್ಕೆ ಬಿಡಬೇಡಿ. ನಿಮ್ಮ ಬರಹ ಯಾವ ಪರಿಶೀಲಕರ ಮೇಜಿಗೆ ಹೋಗುತ್ತದೆ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಅಂಕಿಅಂಶದ ಹೊಸ ವಿಧಾನವೊಂದು ರೋಗಲಕ್ಷಣಗಳ ವಿಭಾಗಕ್ಕೆ ಹೋದರೆ ಅದರ ಬೆಲೆ ಅಲ್ಲಿ ಯಾರಿಗೂ ಕಾಣುವುದಿಲ್ಲ.

ಕೊನೆಯ ದಿನಾಂಕದ ಜೊತೆಗೆ ಯಾವ ದೇಶದ ಗಡಿಯಾರ ಎಂಬುದನ್ನೂ ನೋಡಿ. 'ಎನಿವೇರ್ ಆನ್ ಅರ್ಥ್' ಎಂದಿದ್ದರೆ ಅದು ವಿಶ್ವ ಸಮಯಕ್ಕಿಂತ 12 ಗಂಟೆ ಹಿಂದಿರುವ ವಲಯದ ಮಧ್ಯರಾತ್ರಿ, ಅಂದರೆ ವಿಶ್ವ ಸಮಯದ ಪ್ರಕಾರ ಮರುದಿನದ ನಡುಮಧ್ಯಾಹ್ನ. ಹಾಗಿದ್ದರೂ ಒಂದು ದಿನ ಮುಂಚೆಯೇ ಕಳಿಸುವುದು ಕ್ಷೇಮ. ಕೊನೆಯ ಗಂಟೆಗಳಲ್ಲಿ ಜಾಲತಾಣ ನಿಧಾನವಾಗುತ್ತದೆ. ಸಹಲೇಖಕರೆಲ್ಲರ ಹಿತಾಸಕ್ತಿ ಘೋಷಣೆ ಬೇಕೆಂಬುದು ಗೊತ್ತಾಗುವುದೂ ಹಲವರಿಗೆ ಆಗಲೇ. ಕರಡನ್ನು ಸಹಲೇಖಕರಿಗೆ ಕನಿಷ್ಠ ಒಂದು ವಾರ ಮೊದಲು ಕೊಡಿ. ಪ್ರತಿಯೊಬ್ಬರೂ ಅಂತಿಮ ರೂಪವನ್ನು ಓದಿ ಒಪ್ಪಿರಬೇಕು. ಒಪ್ಪಿಗೆ ಇಲ್ಲದೆ ಹೆಸರು ಸೇರಿಸುವುದು ಶಿಷ್ಟಾಚಾರದ ಲೋಪವಷ್ಟೇ ಅಲ್ಲ, ಸಂಶೋಧನಾ ನೀತಿಯ ಉಲ್ಲಂಘನೆ.

ಪೇಟೆಂಟ್ ಪಡೆಯುವ ಯೋಚನೆ ಇದ್ದರೆ ಅರ್ಜಿಯನ್ನು ಮೊದಲು ಸಲ್ಲಿಸಿ, ಅಬ್‌ಸ್ಟ್ರಾಕ್ಟ್ ಆಮೇಲೆ. ಯುರೋಪಿನ ಪೇಟೆಂಟ್ ಕಾನೂನಿನಲ್ಲಿ, ಅರ್ಜಿಗೆ ಮುಂಚೆ ನೀವೇ ಬಹಿರಂಗಪಡಿಸಿದ ಸಂಗತಿಯೂ 'ಹೊಸತು' ಎನಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಒಂದು ವರ್ಷದ ಅವಕಾಶವಿದೆ, ಆದರೆ ಅದು ಅಲ್ಲಿಗೆ ಮಾತ್ರ. ಪ್ರಬಂಧದ ವಿಷಯದಲ್ಲಿ ಅಷ್ಟು ಭಯ ಬೇಡ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸಿನಂತೆ, ಸಮ್ಮೇಳನದಲ್ಲಿ ಅಬ್‌ಸ್ಟ್ರಾಕ್ಟ್ ಅಥವಾ ಪೋಸ್ಟರ್ ಆಗಿ ಬಂದ ಕೆಲಸವನ್ನು ಪೂರ್ಣ ಪ್ರಬಂಧವಾಗಿ ಪರಿಗಣಿಸಲು ಅಡ್ಡಿಯಿಲ್ಲ.

ಇನ್ನೂರೈವತ್ತು ಪದಗಳ ಹಂಚಿಕೆ

ಮಿತಿ 250 ಪದ ಎಂದಿಟ್ಟುಕೊಳ್ಳಿ. ಹಿನ್ನೆಲೆಗೆ 40, ಉದ್ದೇಶಕ್ಕೆ 20, ವಿಧಾನಕ್ಕೆ 70, ಫಲಿತಾಂಶಕ್ಕೆ 90, ತೀರ್ಮಾನಕ್ಕೆ 30. ಹೊಸಬರ ಕರಡುಗಳಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿರುತ್ತದೆ. ಅರ್ಧಕ್ಕೂ ಹೆಚ್ಚು ಜಾಗವನ್ನು ಹಿನ್ನೆಲೆ ನುಂಗಿರುತ್ತದೆ, ಫಲಿತಾಂಶಕ್ಕೆ ಎರಡು ಸಾಲು ಉಳಿದಿರುತ್ತದೆ. ಕಾರಣ ಸರಳ: ಮೇಲಿನಿಂದ ಕೆಳಕ್ಕೆ ಬರೆಯುತ್ತಾ ಹೋದರೆ ಗೊತ್ತಿರುವ ಹಿನ್ನೆಲೆ ಸಲೀಸಾಗಿ ಹರಿಯುತ್ತದೆ, ಕಷ್ಟದ ಭಾಗಕ್ಕೆ ಬರುವ ಹೊತ್ತಿಗೆ ಪದಗಳು ಮುಗಿದಿರುತ್ತವೆ. ಅದಕ್ಕೆ ಬರೆಯುವ ಕ್ರಮವನ್ನೇ ತಿರುಗಿಸಿ. ಮೊದಲು ಫಲಿತಾಂಶ, ಆಮೇಲೆ ತೀರ್ಮಾನ, ಆ ಫಲಿತಾಂಶ ಅರ್ಥವಾಗಲು ಬೇಕಾದಷ್ಟೇ ವಿಧಾನ, ನಂತರ ಉದ್ದೇಶ. ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ, ಎರಡೇ ವಾಕ್ಯದಲ್ಲಿ: ಈಗ ಏನು ಗೊತ್ತಿದೆ, ಏನು ಗೊತ್ತಿಲ್ಲ.

ಫಲಿತಾಂಶದ ವಾಕ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾತಿಗೆಂದು ಒಂದು ಅಧ್ಯಯನವನ್ನು ಕಟ್ಟಿಕೊಳ್ಳೋಣ. ಉಪ್ಪು ಕಡಿಮೆ ತಿನ್ನುವಂತೆ ಸಲಹೆ ಕೊಟ್ಟರೆ ರಕ್ತದೊತ್ತಡ ಇಳಿಯುತ್ತದೆಯೇ ಎಂಬ ಪ್ರಶ್ನೆ. ಕರಡಿನಲ್ಲಿ ಬರುವ ವಾಕ್ಯ ಹೀಗಿರುತ್ತದೆ:

'ಸಲಹೆ ಪಡೆದ ಗುಂಪಿನಲ್ಲಿ ರಕ್ತದೊತ್ತಡ ಗಣನೀಯವಾಗಿ ಇಳಿದಿರುವುದು ಕಂಡುಬಂದಿತು (ಪಿ 0.05ಕ್ಕಿಂತ ಕಡಿಮೆ).'

ಇದರಲ್ಲಿ ಎಷ್ಟು ಜನ ಎಂಬುದಿಲ್ಲ. ಎಷ್ಟು ಇಳಿಯಿತು, ಎಷ್ಟು ದಿನದಲ್ಲಿ, ಯಾವ ಗುಂಪಿಗೆ ಹೋಲಿಸಿದರೆ, ಯಾವುದೂ ಇಲ್ಲ. ಇದ್ದ ಒಂದೇ ಸಂಖ್ಯೆ ಪಿ ಬೆಲೆ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಕಾಣುವ ಸಂಭವ), ಅದು ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ. ತೀರಾ ಚಿಕ್ಕ ವ್ಯತ್ಯಾಸವೂ ಸಾವಿರಾರು ಜನರ ಅಧ್ಯಯನದಲ್ಲಿ 0.05ರ ಕೆಳಗೆ ಇಳಿಯುತ್ತದೆ. ತಿದ್ದಿದ ರೂಪ (ಯಾದೃಚ್ಛಿಕ ಎಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸುವುದು):

'ತಲಾ 60ರಂತೆ ಎರಡು ಗುಂಪಿಗೆ ಯಾದೃಚ್ಛಿಕವಾಗಿ ಹಂಚಿದ 120 ಜನರಲ್ಲಿ 111 ಮಂದಿ (ಸಲಹೆ ಗುಂಪು 54, ಹೋಲಿಕೆ ಗುಂಪು 57) 12 ವಾರ ಪೂರೈಸಿದರು. ಸಂಕೋಚನ ರಕ್ತದೊತ್ತಡ ಸಲಹೆ ಗುಂಪಿನಲ್ಲಿ ಸರಾಸರಿ 7.8 ಮಿ.ಮೀ. ಪಾದರಸ, ಹೋಲಿಕೆ ಗುಂಪಿನಲ್ಲಿ 2.6 ಇಳಿಯಿತು, ವ್ಯತ್ಯಾಸ 5.2 (95% ಕಾನ್ಫಿಡೆನ್ಸ್ ಇಂಟರ್ವಲ್ 1.9ರಿಂದ 8.5).'

ಪದಗಳು ಹೆಚ್ಚಾದವು, ನಿಜ. ಆದರೆ ಓದುವವರು ಈಗ ಏನನ್ನೂ ಊಹಿಸಬೇಕಿಲ್ಲ. 1.9ರಿಂದ 8.5 ಎಂಬ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ನೋಡಿದ ಕೂಡಲೇ, ಪರಿಣಾಮ ಇರುವುದು ಖಚಿತವೆನಿಸಿದರೂ ಅದರ ಗಾತ್ರ ಇನ್ನೂ ಸಡಿಲವಾಗಿದೆ ಎಂಬುದು ತಜ್ಞರಿಗೆ ಹೊಳೆಯುತ್ತದೆ. ಒಂಬತ್ತು ಜನ ನಡುವೆ ಬಿಟ್ಟರು, ಅವರಲ್ಲಿ ಆರು ಮಂದಿ ಒಂದೇ ಗುಂಪಿನವರು ಎಂಬುದೂ ಕಾಣುತ್ತದೆ. ಅದನ್ನು ಮುಚ್ಚಿಡದೆ ಹೇಳಿದ ಬರಹದ ಮೇಲೆ ವಿಶ್ವಾಸ ಹೆಚ್ಚುತ್ತದೆ.

ಹೆಚ್ಚುವರಿ ಪದಗಳಿಗೆ ಜಾಗ ಎಲ್ಲಿಂದ ತರುವುದು? 'ಕಂಡುಬಂದಿತು', 'ಎಂಬುದನ್ನು ಇಲ್ಲಿ ಗಮನಿಸಬಹುದು', 'ಈ ಅಧ್ಯಯನವನ್ನು ಕೈಗೊಳ್ಳಲಾಯಿತು' ಇಂಥವುಗಳನ್ನು ತೆಗೆಯಿರಿ. ಒಂದೇ ಸಲ ಬರುವ ಪದಕ್ಕೆ ಸಂಕ್ಷೇಪ ಕಟ್ಟಬೇಡಿ. ಮಾಪನ ಯಂತ್ರದ ಮಾದರಿ ಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ ಪೋಸ್ಟರಿಗೆ ಹೋಗಲಿ.

ಶೇಕಡಾವಾರು ಬರೆಯುವಾಗ ಎರಡು ಎಚ್ಚರ. ಒಂದು, ಒಟ್ಟು ಸಂಖ್ಯೆ ಇಲ್ಲದ ಶೇಕಡಾವಾರು ಬೇಡ. 'ಶೇ 15' ಎಂಬುದು 20ರಲ್ಲಿ 3 ಆಗಿದ್ದರೆ ಅದನ್ನು ಹಾಗೆಯೇ ಹೇಳಿ. ಎರಡು, ಅಪಾಯ 4%ನಿಂದ 2%ಗೆ ಇಳಿದರೆ ಅದನ್ನು 'ಅರ್ಧದಷ್ಟು ಇಳಿಕೆ' ಎಂದಷ್ಟೇ ಬರೆಯುವುದು ಓದುಗರನ್ನು ದಾರಿ ತಪ್ಪಿಸುತ್ತದೆ. ನೂರಕ್ಕೆ ನಾಲ್ಕು ಇದ್ದದ್ದು ಎರಡಾಯಿತು ಎಂಬ ಮೂಲ ಅಂಕಿ ಜೊತೆಯಲ್ಲಿರಲಿ.

ಯಾದೃಚ್ಛಿಕ ಪ್ರಯೋಗಗಳ ಅಬ್‌ಸ್ಟ್ರಾಕ್ಟ್‌ಗೆ 2008ರಲ್ಲೇ, ಪ್ರಯೋಗಗಳ ವರದಿಗೆ ಮಾರ್ಗಸೂಚಿ ರೂಪಿಸುವ ಕನ್ಸಾರ್ಟ್ ಗುಂಪು ಒಂದು ಪಟ್ಟಿ ಕೊಟ್ಟಿದೆ: ಹಂಚಿಕೆ ಹೇಗೆ, ಯಾರು ಯಾವ ಗುಂಪು ಎಂಬುದು ಯಾರಿಗೆ ಗೊತ್ತಿತ್ತು ಯಾರಿಗೆ ಗೊತ್ತಿರಲಿಲ್ಲ, ಪ್ರತಿ ಗುಂಪಿನಲ್ಲಿ ವಿಶ್ಲೇಷಣೆಗೆ ಸಿಕ್ಕವರು ಎಷ್ಟು, ಅಡ್ಡಪರಿಣಾಮ ಏನು, ನೋಂದಣಿ ಸಂಖ್ಯೆ, ಹಣ ಯಾರದು. ಒಂದೇ ಪ್ರಶ್ನೆಯ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ವ್ಯವಸ್ಥಿತ ಪರಾಮರ್ಶೆಗಳಿಗೆ ಪ್ರಿಸ್ಮಾ ಎಂಬ ಮಾರ್ಗಸೂಚಿಯ ಅಂಥದೇ ಪಟ್ಟಿ 2013ರಲ್ಲಿ ಬಂತು. ಕರಡು ಮುಗಿದ ಮೇಲೆ ಇವುಗಳಲ್ಲಿ ನಿಮಗೆ ಹೊಂದುವುದನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಗುರುತು ಹಾಕಿ. ಅಡ್ಡಪರಿಣಾಮದ ಸಾಲು ಬಿಟ್ಟುಹೋಗಿರುವುದು ಆಗ ತಿಳಿಯುತ್ತದೆ.

'ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಮಂಡಿಸಲಾಗುವುದು' ಎಂಬ ವಾಕ್ಯ ಮಾತ್ರ ಎಂದೂ ಬೇಡ. ಇದೊಂದೇ ಕಾರಣಕ್ಕೆ ತಿರಸ್ಕರಿಸುವ ಸಮ್ಮೇಳನಗಳಿವೆ, ಅದು ನ್ಯಾಯವೂ ಹೌದು. ದತ್ತಾಂಶ ಪೂರ್ತಿ ಬಂದಿಲ್ಲವೆಂದರೆ ಈವರೆಗೆ ಸಿಕ್ಕಿದ್ದನ್ನು 'ಮಧ್ಯಂತರ ವಿಶ್ಲೇಷಣೆ' ಎಂದು ಹೆಸರಿಸಿ ಬರೆಯಿರಿ, ಇಲ್ಲವೇ ಮುಂದಿನ ಸಮ್ಮೇಳನಕ್ಕೆ ಕಾಯಿರಿ.

ತೀರ್ಮಾನ ಫಲಿತಾಂಶವನ್ನು ಮೀರಬಾರದು. 12 ವಾರ ನೋಡಿದ ಅಧ್ಯಯನ 'ಹೃದಯಾಘಾತ ತಡೆಯಬಹುದು' ಎನ್ನುವಂತಿಲ್ಲ, ನಾವು ಹೃದಯಾಘಾತವನ್ನು ಅಳೆಯಲೇ ಇಲ್ಲ. ಹೋಲಿಕೆ ಗುಂಪಿಲ್ಲದ ಅಧ್ಯಯನದಲ್ಲಿ 'ಇದರಿಂದಾಗಿ' ಎಂಬ ಮಾತಿಗೆ ಎಡೆಯಿಲ್ಲ, 'ಇದರ ಜೊತೆಗೆ ಕಂಡುಬಂತು' ಎಂಬುದೇ ಸರಿ. 'ಇನ್ನಷ್ಟು ಸಂಶೋಧನೆ ಅಗತ್ಯ' ಎಂಬ ಸಾಲು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಆ ಮೂರು ಪದಗಳ ಜಾಗದಲ್ಲಿ, ಮುಂದೆ ಯಾವ ಒಂದು ಅಳತೆ ಬೇಕು ಎಂದು ಹೇಳಿದರೆ ಉಪಯೋಗ.

ಶೀರ್ಷಿಕೆಯನ್ನು ಕೊನೆಗೆ ಬರೆಯಿರಿ. 'ಉಪ್ಪು ಮತ್ತು ರಕ್ತದೊತ್ತಡ: ಒಂದು ಅಧ್ಯಯನ' ಎಂಬುದಕ್ಕಿಂತ 'ಉಪ್ಪು ಕಡಿಮೆ ಮಾಡುವ ಸಲಹೆಯಿಂದ 12 ವಾರಗಳಲ್ಲಿ ಇಳಿದ ರಕ್ತದೊತ್ತಡ: ಯಾದೃಚ್ಛಿಕ ಪ್ರಯೋಗ' ಎಂಬುದು ಲೇಸು. ಸಮ್ಮೇಳನದ ಪುಸ್ತಿಕೆಯಲ್ಲಿ ನೂರಾರು ಶೀರ್ಷಿಕೆಗಳ ಮೇಲೆ ಕಣ್ಣಾಡಿಸುವವರಿಗೆ ಅದೊಂದೇ ಸಾಲು ಕಾಣುವುದು.

ಅಂಟಿಸುವಾಗ ಆಗುವ ಅನಾಹುತ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಎಷ್ಟೋ ಒಳ್ಳೆಯ ಅಬ್‌ಸ್ಟ್ರಾಕ್ಟ್‌ಗಳು ಕೊನೆಯ ಹೆಜ್ಜೆಯಲ್ಲಿ ಕೆಡುತ್ತವೆ. ವರ್ಡ್ ಕಡತದಿಂದ ಜಾಲತಾಣದ ಕಿಂಡಿಗೆ ಪಠ್ಯ ಅಂಟಿಸಿದಾಗ ಫಾಂಟ್ ಮತ್ತು ಅಲಂಕಾರ ಕಳಚಿಹೋಗಬಹುದು. ಮೈಕ್ರೋಗ್ರಾಂ ಬರೆಯಲು ಕೆಲವರು 'ಸಿಂಬಲ್' ಫಾಂಟ್ ಬಳಸುತ್ತಾರೆ. ಅದರಲ್ಲಿ ರೋಮನ್ ಎಮ್ ಕೀಲಿ ಒತ್ತಿದರೆ ಗ್ರೀಕ್ ಮ್ಯೂ ಕಾಣುತ್ತದೆ. ಫಾಂಟ್ ಕಳಚಿದ ಕ್ಷಣ ಅದು ಮತ್ತೆ ಎಮ್ ಆಗುತ್ತದೆ, 5 ಮೈಕ್ರೋಗ್ರಾಂ 5 ಮಿಲಿಗ್ರಾಂ ಆಗುತ್ತದೆ. ಸಾವಿರ ಪಟ್ಟು ತಪ್ಪು, ನೋಡಲು ಮಾತ್ರ ಸಹಜ. 10⁶ ಎಂಬುದು ಮೇಲಕ್ಷರ ಕಳೆದುಕೊಂಡು 106 ಆಗುತ್ತದೆ. 'ಕಡಿಮೆ' ಚಿಹ್ನೆ (<) ಬಂದಲ್ಲಿ ಕೆಲವು ಜಾಲತಾಣಗಳು ಅದನ್ನು ವೆಬ್ ಪುಟದ ಸಂಕೇತವೆಂದು ತಿಳಿದು ಮುಂದಿನ ಪಠ್ಯವನ್ನೇ ಅಳಿಸಿಬಿಡಬಹುದು. ಡಿಗ್ರಿ ಚಿಹ್ನೆ ಪ್ರಶ್ನಾರ್ಥಕವಾಗುತ್ತದೆ.

ಪರಿಹಾರ ಹೀಗೆ. ಮೊದಲು ನೋಟ್‌ಪ್ಯಾಡ್‌ನಂಥ ಸರಳ ಪಠ್ಯ ಕಿಂಡಿಗೆ ಅಂಟಿಸಿ, ಏನು ಕೆಟ್ಟಿತು ನೋಡಿ. ವಿಶೇಷ ಚಿಹ್ನೆಗಳನ್ನು ಯೂನಿಕೋಡ್ ಅಕ್ಷರಗಳಾಗಿಯೇ ಸೇರಿಸಿ, ಇಲ್ಲವೇ 'ಮೈಕ್ರೋಗ್ರಾಂ', '10 ಲಕ್ಷ' ಎಂದು ಪದದಲ್ಲೇ ಬರೆಯಿರಿ. ಕಳಿಸುವ ಮುನ್ನ ಜಾಲತಾಣ ತೋರಿಸುವ ಮುನ್ನೋಟವನ್ನು ಪಿಡಿಎಫ್ ಮಾಡಿಕೊಂಡು, ಅದರ ಪ್ರತಿಯೊಂದು ಸಂಖ್ಯೆಯನ್ನೂ ಮೂಲ ವಿಶ್ಲೇಷಣೆಯ ಹಾಳೆಯೊಂದಿಗೆ ತಾಳೆ ನೋಡಿ. ಈ ತಾಳೆಯನ್ನು ಬರೆದವರಲ್ಲದೆ ಮತ್ತೊಬ್ಬರು ಮಾಡಿದರೆ ಒಳ್ಳೆಯದು. ಗುಂಪುಗಳ ಮೊತ್ತ ಒಟ್ಟಿಗೆ ಸಮವಾಗುತ್ತದೆಯೇ ಎಂದು ಕೂಡಿ ನೋಡಿ. ಮೇಲಿನ ಉದಾಹರಣೆಯಲ್ಲಿ 54 ಮತ್ತು 57 ಸೇರಿ 111 ಆಗಲೇಬೇಕು.

ಪೋಸ್ಟರ್: ಎರಡು ಮೀಟರ್ ದೂರದ ಓದುಗ

ಒಪ್ಪಿಗೆ ಪತ್ರ ಬಂತು ಎನ್ನಿ. ಇಲ್ಲಿ ಹೆಚ್ಚಿನವರು ಮಾಡುವುದು, ಪ್ರಬಂಧದ ಪುಟಗಳನ್ನು ಕುಗ್ಗಿಸಿ ಒಂದು ದೊಡ್ಡ ಹಾಳೆಗೆ ತುಂಬುವುದು. ಪ್ರಬಂಧದ ಓದುಗರು ಕೂತು ಓದುತ್ತಾರೆ. ಪೋಸ್ಟರಿನ ಓದುಗರು ನಡೆಯುತ್ತಾ ಬರುತ್ತಾರೆ, ನಿಲ್ಲುವುದೋ ಬೇಡವೋ ಎಂದು ಕೆಲವೇ ಸೆಕೆಂಡಿನಲ್ಲಿ ತೀರ್ಮಾನಿಸುತ್ತಾರೆ. ಈ ವ್ಯತ್ಯಾಸವನ್ನು ತಲೆಯಲ್ಲಿಟ್ಟುಕೊಂಡರೆ ಮಿಕ್ಕ ತೀರ್ಮಾನಗಳು ತಾವಾಗಿಯೇ ಬರುತ್ತವೆ.

ಮೊದಲ ಕೆಲಸ ಬೋರ್ಡಿನ ಅಳತೆ ಮತ್ತು ದಿಕ್ಕು ತಿಳಿಯುವುದು. ಎ0 ಹಾಳೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಒಂದು ಮೀಟರ್ ಅಗಲದ ನಿಲುವು ಬೋರ್ಡಿಗೆ ಅಡ್ಡ ಎ0 ತಂದರೆ ಎರಡೂ ಬದಿ ಹೊರಗೆ ಚಾಚಿ ಪಕ್ಕದವರ ಜಾಗಕ್ಕೆ ಹೋಗುತ್ತದೆ. ಅಮೆರಿಕದ ಸಮ್ಮೇಳನಗಳಲ್ಲಿ 36 ಇಂಚು ಗುಣಿಸು 48 ಇಂಚು ರೂಢಿ, ಅದು ಎ0 ಅಲ್ಲ.

ಪವರ್‌ಪಾಯಿಂಟಿನಲ್ಲಿ ಮಾಡುವುದಾದರೆ ಏನನ್ನೂ ಬರೆಯುವ ಮುನ್ನವೇ ಸ್ಲೈಡಿನ ಅಳತೆಯನ್ನು 84.1 ಮತ್ತು 118.9 ಸೆಂ.ಮೀ.ಗೆ ಹೊಂದಿಸಿ. ಅದರ ಗರಿಷ್ಠ ಮಿತಿ 56 ಇಂಚು, ಅಂದರೆ ಸುಮಾರು 142 ಸೆಂ.ಮೀ., ಹಾಗಾಗಿ ಎ0 ಸಲೀಸಾಗಿ ಹಿಡಿಸುತ್ತದೆ. ಮಾಮೂಲಿ ಸ್ಲೈಡಿನಲ್ಲೇ ಎಲ್ಲ ಕಟ್ಟಿ, 'ಮುದ್ರಿಸುವಾಗ ದೊಡ್ಡದು ಮಾಡಿಸಿದರಾಯಿತು' ಎಂದುಕೊಂಡರೆ ಎರಡು ಕಡೆ ಪೆಟ್ಟು ಬೀಳುತ್ತದೆ. ಆ ಸ್ಲೈಡ್ 16:9 ಆಕಾರದ್ದು, ಎ0 ಹಾಳೆಗೆ ಹೊಂದುವುದಿಲ್ಲ. ಜೊತೆಗೆ ಉಳಿಸುವಾಗ ಪವರ್‌ಪಾಯಿಂಟ್ ಚಿತ್ರಗಳನ್ನು ಇಂಚಿಗೆ 220 ಚುಕ್ಕೆಗಳ ಮಟ್ಟಕ್ಕೆ ಕುಗ್ಗಿಸಬಹುದು. ಸುಮಾರು 34 ಸೆಂ.ಮೀ. ಅಗಲದ ಸ್ಲೈಡ್ 119 ಸೆಂ.ಮೀ.ಗೆ ಹಿಗ್ಗಿದಾಗ ಆ 220 ಸುಮಾರು 63ಕ್ಕೆ ಇಳಿಯುತ್ತದೆ, ಚಿತ್ರ ಮಸುಕಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಚಿತ್ರ ಕುಗ್ಗಿಸುವುದನ್ನೂ ನಿಲ್ಲಿಸಿಬಿಡಿ.

ಛಾಯಾಚಿತ್ರಗಳಿಗೆ ಮುದ್ರಣದ ಅಳತೆಯಲ್ಲಿ ಇಂಚಿಗೆ 150 ಚುಕ್ಕೆ ಇದ್ದರೆ ಪೋಸ್ಟರ್ ದೂರಕ್ಕೆ ಸಾಕು, 300 ಇದ್ದರೆ ಉತ್ತಮ. ಲೆಕ್ಕ ಹಾಕುವುದು ಸುಲಭ: ಪಿಕ್ಸೆಲ್ ಅಗಲವನ್ನು ಮುದ್ರಣದ ಇಂಚಿನಿಂದ ಭಾಗಿಸಿ. ಜಾಲತಾಣದಿಂದ ಇಳಿಸಿಕೊಂಡ 600 ಪಿಕ್ಸೆಲ್ ಚಿತ್ರವನ್ನು 20 ಸೆಂ.ಮೀ. ಅಗಲಕ್ಕೆ ಎಳೆದರೆ ಸಿಗುವುದು 76. ಅದೇ ಜಾಗಕ್ಕೆ 1200 ಪಿಕ್ಸೆಲ್ ಬೇಕಿತ್ತು. ಸಂಸ್ಥೆಯ ಲಾಂಛನ ಬಹುತೇಕ ಯಾವಾಗಲೂ ಹೀಗೆಯೇ ಕೆಡುತ್ತದೆ. ನಕ್ಷೆ, ಲಾಂಛನಗಳನ್ನು ಎಸ್‌ವಿಜಿ ಅಥವಾ ಪಿಡಿಎಫ್ ರೂಪದಲ್ಲಿ ಸೇರಿಸಿದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ಅಕ್ಷರದ ಗಾತ್ರಕ್ಕೆ ಎ0ಯಲ್ಲಿ ನಮ್ಮ ಶಿಫಾರಸು: ಶೀರ್ಷಿಕೆ 90ರಿಂದ 110 ಪಾಯಿಂಟ್, ಲೇಖಕರ ಹೆಸರು 48, ಉಪಶೀರ್ಷಿಕೆ 44ರ ಆಸುಪಾಸು, ಮೈಪಠ್ಯ 28ರಿಂದ 32, ಚಿತ್ರದಡಿಯ ವಿವರ 24. ಇದಕ್ಕಿಂತ ಕೆಳಗೆ ಇಳಿಯಬೇಕಾಯಿತು ಎಂದರೆ ಕುಗ್ಗಿಸಬೇಕಾದದ್ದು ಪಠ್ಯ, ಗಾತ್ರವಲ್ಲ. ಪರೀಕ್ಷೆಗೆ ಇಡೀ ಪೋಸ್ಟರನ್ನು ಒಂದು ಎ4 ಹಾಳೆಗೆ ಮುದ್ರಿಸಿ. ಎ0ಯಿಂದ ಎ4ಕ್ಕೆ ಉದ್ದ ಅಗಲ ಎರಡೂ ಸರಿಯಾಗಿ ಕಾಲುಭಾಗವಾಗುತ್ತವೆ, 24 ಪಾಯಿಂಟ್ 6 ಆಗುತ್ತದೆ. ಆ ಎ4ನ್ನು ಕೈಯಲ್ಲಿ ಹಿಡಿದು ಕಷ್ಟವಿಲ್ಲದೆ ಓದಲಾದರೆ, ಬೋರ್ಡಿನ ಮುಂದೆ ನಿಂತವರಿಗೂ ಓದಲಾಗುತ್ತದೆ. ಖರ್ಚಿಲ್ಲದ, ಎಂದೂ ಸುಳ್ಳು ಹೇಳದ ಪರೀಕ್ಷೆ ಇದು.

ಒಟ್ಟು ಪದಗಳು 300ರಿಂದ 600ರೊಳಗೆ ಇರಲಿ. ನಿಲುವು ಹಾಳೆಗೆ ಎರಡು ಅಂಕಣ, ಅಡ್ಡ ಹಾಳೆಗೆ ಮೂರು. ಓದು ಅಂಕಣದಲ್ಲಿ ಕೆಳಗಿಳಿದು ಮತ್ತೆ ಮುಂದಿನ ಅಂಕಣದ ಮೇಲಿಂದ ಶುರುವಾಗಲಿ. ಸಾಲಿನಲ್ಲಿ ಅಡ್ಡ ಓಡಿಸಿದರೆ ಜನ ಬೋರ್ಡಿನ ಮುಂದೆ ಅತ್ತಿತ್ತ ಸರಿದಾಡಬೇಕಾಗುತ್ತದೆ. ಕೆಳಗಿನ 30 ಸೆಂ.ಮೀ. ಯಾರ ಕಣ್ಣಿಗೂ ಸರಿಯಾಗಿ ಬೀಳದು, ಮುಂದೆ ನಿಂತವರ ಕಾಲು ಅಡ್ಡ ಬರುತ್ತದೆ. ಅಲ್ಲಿ ಕೃತಜ್ಞತೆ, ಆಕರ, ಹಣದ ಮೂಲ ಹಾಕಿ. ಮುಖ್ಯ ಚಿತ್ರ ಕಣ್ಣಿನ ಎತ್ತರದಲ್ಲಿರಲಿ. ಅಬ್‌ಸ್ಟ್ರಾಕ್ಟನ್ನು ಪೋಸ್ಟರಿನಲ್ಲಿ ಮತ್ತೆ ಅಚ್ಚು ಹಾಕುವ ಅಗತ್ಯವಿಲ್ಲ. ಸಮ್ಮೇಳನ ಕಡ್ಡಾಯ ಮಾಡಿದ್ದರೆ ಮಾತ್ರ ಹಾಕಿ. ಪೋಸ್ಟರೇ ಅದರ ವಿಸ್ತಾರ.

2019ರಲ್ಲಿ ಮೈಕ್ ಮಾರಿಸನ್ ಎಂಬ ಸಂಶೋಧನಾ ವಿದ್ಯಾರ್ಥಿ ಒಂದು ವಿಡಿಯೋದಲ್ಲಿ ಬೇರೆಯೇ ವಿನ್ಯಾಸ ಮುಂದಿಟ್ಟರು. ನಡುವೆ ದೊಡ್ಡ ಅಕ್ಷರದಲ್ಲಿ ಮುಖ್ಯ ಫಲಿತಾಂಶ, ಸರಳ ಮಾತಿನಲ್ಲಿ. ಎಡಬಲಗಳಲ್ಲಿ ಕಿರಿದಾದ ಪಟ್ಟಿಗಳು, ಪೂರ್ತಿ ವಿವರಕ್ಕೆ ಕ್ಯೂಆರ್ ಕೋಡ್. ಇದು ಬಹಳ ಬೇಗ ಹಬ್ಬಿತು. ಫಲಿತಾಂಶವನ್ನು ದೂರದಿಂದಲೇ ಕಾಣಿಸಬೇಕೆಂಬ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ನಡುವಿನ ಆ ಇಡೀ ಜಾಗಕ್ಕೆ ಬರೀ ವಾಕ್ಯ ತುಂಬುವ ಬದಲು, ವಾಕ್ಯದ ಕೆಳಗೆ ಅದನ್ನು ಸಾಬೀತು ಮಾಡುವ ಒಂದು ಚಿತ್ರ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಹೇಳಿಕೆ ಓದಿದ ವಿಜ್ಞಾನಿ ಮರುಕ್ಷಣ ಕೇಳುವುದೇ ಪುರಾವೆಯನ್ನು.

ಆ ಚಿತ್ರಕ್ಕೆ ಸಮಯ ಕೊಡಿ. ಪ್ರಬಂಧಕ್ಕೆ ಮಾಡಿದ ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಗೆರೆಗಳು ತೆಳುವಾಗಿ, ಅಕ್ಷದ ಅಂಕಿಗಳು ಚಿಕ್ಕದಾಗಿಯೇ ಉಳಿಯುತ್ತವೆ. ಪೋಸ್ಟರಿಗೆಂದೇ ಮತ್ತೆ ಬರೆಯಬೇಕು: ಅಕ್ಷದ ಅಂಕಿಗಳು 24 ಪಾಯಿಂಟ್, ಗೆರೆಗಳು 3ರಿಂದ 4 ಪಾಯಿಂಟ್ ದಪ್ಪ. ಯಾವ ಗೆರೆ ಯಾವ ಗುಂಪಿನದೆಂಬ ಸೂಚಿಯನ್ನು ಮೂಲೆಯಲ್ಲಿ ಪೆಟ್ಟಿಗೆಯಾಗಿ ಇಡದೆ ಗೆರೆಯ ತುದಿಯಲ್ಲೇ ಬರೆಯಿರಿ. ಚಿತ್ರದ ತಲೆಬರಹ 'ಚಿತ್ರ 2: ಗುಂಪುವಾರು ರಕ್ತದೊತ್ತಡ' ಎಂದಲ್ಲ, 'ಸಲಹೆ ಗುಂಪಿನಲ್ಲಿ 5.2 ಮಿ.ಮೀ. ಹೆಚ್ಚು ಇಳಿಕೆ' ಎಂದು. ಕಂಬನಕ್ಷೆಯ ಅಕ್ಷ ಸೊನ್ನೆಯಿಂದ ಶುರುವಾಗಬೇಕು, ಇಲ್ಲದಿದ್ದರೆ ಕಂಬಗಳ ಎತ್ತರದ ಅನುಪಾತವೇ ಸುಳ್ಳಾಗುತ್ತದೆ. ದೋಷಪಟ್ಟಿ (ಎರರ್ ಬಾರ್, ಅಳತೆಯ ಮೇಲೆ ಕೆಳಗೆ ಎಳೆಯುವ ಗೆರೆ) ಹಾಕಿದರೆ ಅದು ಸ್ಟ್ಯಾಂಡರ್ಡ್ ಡೀವಿಯೇಶನ್ನೋ (ಅಳತೆಗಳ ಚದುರುವಿಕೆ), ಸ್ಟ್ಯಾಂಡರ್ಡ್ ಎರರ್ರೋ (ಸರಾಸರಿಯ ಅನಿಶ್ಚಿತತೆ), ಕಾನ್ಫಿಡೆನ್ಸ್ ಇಂಟರ್ವಲ್ಲೋ ಎಂದು ಅಲ್ಲೇ ಹೇಳಿ. 25 ಮಾದರಿಗಳಿದ್ದಾಗ ಸ್ಟ್ಯಾಂಡರ್ಡ್ ಎರರ್ ಎಂಬುದು ಡೀವಿಯೇಶನ್ನಿನ ಐದನೇ ಒಂದು ಭಾಗ ಮಾತ್ರ. ಹೆಸರು ಹೇಳದ ಪಟ್ಟಿ ನೋಡಿದವರು ಚದುರುವಿಕೆ ಕಡಿಮೆ ಎಂದು ತಪ್ಪಾಗಿ ತಿಳಿಯುತ್ತಾರೆ. ಮಾದರಿಗಳು ಕಡಿಮೆ ಇದ್ದರೆ ಕಂಬ ಬಿಟ್ಟು ಪ್ರತಿಯೊಂದನ್ನೂ ಚುಕ್ಕೆಯಾಗಿ ತೋರಿಸುವುದೇ ಪ್ರಾಮಾಣಿಕ.

ಬಣ್ಣದ ವಿಷಯ. ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಬೇರೆಡೆಯೂ ಇಂಥವರು ಅಪರೂಪವಲ್ಲ. ನೂರು ಗಂಡಸರು ನಿಮ್ಮ ಪೋಸ್ಟರ್ ನೋಡಿದರೆ ಹಲವರಿಗೆ ಎರಡೂ ಗೆರೆ ಒಂದೇ ಬಣ್ಣ. ಒಕಾಬೆ ಮತ್ತು ಇಟೊ ರೂಪಿಸಿದ ಎಂಟು ಬಣ್ಣಗಳ ಪಟ್ಟಿ ಇದಕ್ಕೆಂದೇ ಇದೆ. ಏರಿಳಿತ ತೋರಿಸುವ ನಕ್ಷೆಗಳಿಗೆ ಕಾಮನಬಿಲ್ಲಿನ ಬಣ್ಣ ಬಿಟ್ಟು ವಿರಿಡಿಸ್ ಎಂಬ ಬಣ್ಣಶ್ರೇಣಿ ಬಳಸಿ. ಸೂಕ್ಷ್ಮದರ್ಶಕದ ಕೆಂಪು–ಹಸಿರು ಚಿತ್ರಗಳನ್ನು ಮೆಜೆಂಟಾ–ಹಸಿರಿಗೆ ಬದಲಿಸಿ. ಬಣ್ಣದ ಜೊತೆ ಗೆರೆಯ ಬಗೆಯನ್ನೂ ಬದಲಿಸಿದರೆ, ಒಂದು ತುಂಬುಗೆರೆ ಇನ್ನೊಂದು ತುಂಡುಗೆರೆ, ಕಪ್ಪುಬಿಳುಪು ಪ್ರತಿಯಲ್ಲೂ ಅರ್ಥವಾಗುತ್ತದೆ. ಹಿನ್ನೆಲೆಯಲ್ಲಿ ಛಾಯಾಚಿತ್ರ ಹಾಕಿ ಅದರ ಮೇಲೆ ಅಕ್ಷರ ಬರೆಯುವುದನ್ನು ಬಿಟ್ಟೇಬಿಡಿ.

ಮುದ್ರಣ, ಸಾಗಣೆ, ಕ್ಯೂಆರ್ ಕೋಡ್

ಮುದ್ರಕರಿಗೆ ಪಿಡಿಎಫ್ ಕೊಡಿ, ಮೂಲ ಕಡತವನ್ನಲ್ಲ. ಪಿಡಿಎಫ್‌ನಲ್ಲಿ ಫಾಂಟುಗಳು ಒಳಗೇ ಸೇರಿರಬೇಕು. ಇಲ್ಲವಾದರೆ ಅವರ ಕಂಪ್ಯೂಟರ್ ಬೇರೆ ಫಾಂಟ್ ಹಾಕಿ ಸಾಲುಗಳು ಮುರಿಯುತ್ತವೆ, ಪೆಟ್ಟಿಗೆಯಿಂದ ಪಠ್ಯ ಹೊರಚೆಲ್ಲುತ್ತದೆ. ಪರದೆಯ ಮೇಲಿನ ಗಾಢ ನೀಲಿ, ಎಳೆಹಸಿರು ಶಾಯಿಯಲ್ಲಿ ಮಂಕಾಗುತ್ತವೆ. ಬಣ್ಣವೇ ಮಾಹಿತಿಯಾಗಿರುವ ಚಿತ್ರವಿದ್ದರೆ ಆ ಭಾಗವನ್ನು ಮಾತ್ರ ಮೊದಲು ಅಚ್ಚು ತೆಗೆಸಿ ನೋಡಿ. ಹೊಳಪಿನ ಕಾಗದ ದೀಪದಡಿ ಕಣ್ಣು ಕುಕ್ಕುತ್ತದೆ, ಮ್ಯಾಟ್ ಒಳ್ಳೆಯದು. ದೂರದ ಪ್ರಯಾಣಕ್ಕೆ ಬಟ್ಟೆಯ ಮೇಲಿನ ಮುದ್ರಣ ಮಡಚಿ ಕೈಚೀಲದಲ್ಲೇ ಒಯ್ಯಬಹುದು. ಕಾಗದವಾದರೆ ಅಚ್ಚಾದ ಮುಖ ಹೊರಗಿರುವಂತೆ ಸುತ್ತಿ, ಆಗ ಬೋರ್ಡಿಗೆ ಹಚ್ಚಿದಾಗ ಅಂಚುಗಳು ಮುಂದಕ್ಕೆ ಸುರುಳಿಯಾಗುವುದಿಲ್ಲ. ಪಿಡಿಎಫ್ ಪ್ರತಿ ಫೋನಿನಲ್ಲೂ ಇಮೇಲಿನಲ್ಲೂ ಇರಲಿ.

ಕ್ಯೂಆರ್ ಕೋಡ್ ಎಷ್ಟು ದೂರದಿಂದ ಓದಿಸಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು ಎಂಬುದು ರೂಢಿಯ ಲೆಕ್ಕ: ಒಂದು ಮೀಟರಿಗೆ 10 ಸೆಂ.ಮೀ. ಸುತ್ತ, ಕೋಡಿನೊಳಗಿನ ನಾಲ್ಕು ಪುಟ್ಟ ಚೌಕಗಳಷ್ಟು ಖಾಲಿ ಅಂಚು ಬಿಡಿ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಕೋಡಿನಲ್ಲಿಲ್ಲ, ಕೊಂಡಿಯಲ್ಲಿದೆ. ಅದು ಹಂಚಿಕೆಯ ಕಡತಕ್ಕೆ ಹೋಗುತ್ತದೆ, ತೆರೆದರೆ 'ಅನುಮತಿ ಕೋರಿ' ಎನ್ನುತ್ತದೆ. ನಿಮ್ಮ ಖಾತೆಯಿಂದ ಹೊರಬಂದು, ಬೇರೆಯವರ ಫೋನಿನಲ್ಲಿ, ಮುದ್ರಿತ ಹಾಳೆಯಿಂದ ಪರೀಕ್ಷಿಸಿ.

ಅಬ್‌ಸ್ಟ್ರಾಕ್ಟ್ ಕಳಿಸಿದ ಮೇಲೆ ದತ್ತಾಂಶ ಬದಲಾಗಿದ್ದರೆ ಪೋಸ್ಟರಿನಲ್ಲಿ ಹೊಸ ಸಂಖ್ಯೆ ಹಾಕಿ, ಪಕ್ಕದಲ್ಲಿ ಒಂದು ಸಾಲು: 'ಪ್ರಕಟಿತ ಅಬ್‌ಸ್ಟ್ರಾಕ್ಟ್‌ನಲ್ಲಿ 111 ಜನ, ಇಲ್ಲಿ ನಂತರ ಸೇರಿದ ಇಬ್ಬರ ಅಳತೆಯೂ ಇದೆ.' ಶೀರ್ಷಿಕೆ ಮತ್ತು ಲೇಖಕರ ಪಟ್ಟಿ ಮಾತ್ರ ಒಪ್ಪಿತವಾದಂತೆಯೇ ಇರಲಿ.

ಬೋರ್ಡಿನ ಮುಂದೆ

ಪೋಸ್ಟರ್ ಅವಧಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಎರಡು ಅಳತೆಯ ಮಾತು ಸಿದ್ಧವಿರಲಿ, ಒಂದು ಅರ್ಧ ನಿಮಿಷದ್ದು, ಇನ್ನೊಂದು ಎರಡು ನಿಮಿಷದ್ದು. ಅರ್ಧ ನಿಮಿಷದ್ದು ಫಲಿತಾಂಶದಿಂದಲೇ ಶುರುವಾಗಬೇಕು: 'ಉಪ್ಪು ಕಡಿಮೆ ಮಾಡುವ ಸಲಹೆಯಿಂದ ಮೂರು ತಿಂಗಳಲ್ಲಿ ರಕ್ತದೊತ್ತಡ 5 ಮಿಲಿಮೀಟರ್ ಇಳಿಯಿತು, ಈ ಚಿತ್ರದಲ್ಲಿ ನೋಡಿ.' ಆಮೇಲೆ ನಿಲ್ಲಿಸಿ, ಎದುರಿನವರ ಕ್ಷೇತ್ರ ಯಾವುದೆಂದು ಕೇಳಿ. ಅವರು ಅಂಕಿಅಂಶದವರಾದರೆ ಮಾತು ನಡುವೆ ಬಿಟ್ಟವರ ಕಡೆ ಹೋಗುತ್ತದೆ, ಚಿಕಿತ್ಸಕರಾದರೆ ಸಲಹೆ ಕೊಟ್ಟ ರೀತಿಯ ಕಡೆ. ಪೋಸ್ಟರ್ ಓದುತ್ತಿರುವವರಿಗೆ ಮೊದಲು ಓದಲು ಬಿಡಿ. ಬೋರ್ಡಿನ ನಡುವೆ ನಿಲ್ಲದೆ ಬದಿಗೆ ನಿಲ್ಲಿ. ಒಬ್ಬರೊಂದಿಗೆ ಮಾತು ನಡೆದಿರುವಾಗ ಇನ್ನೊಬ್ಬರು ಬಂದರೆ ಅವರನ್ನು ಕಣ್ಣಿನಿಂದಲಾದರೂ ಸ್ವಾಗತಿಸಿ, ಇಲ್ಲದಿದ್ದರೆ ಹಾಗೆಯೇ ಮುಂದೆ ಹೋಗುತ್ತಾರೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರ ಎದುರೇ ಬರೆದುಕೊಳ್ಳಿ. ಪ್ರಬಂಧ ಪರಿಶೀಲಕರು ಮುಂದೆ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇಲ್ಲೇ ಸಿಗುತ್ತವೆ.

ನೋಡುವವರು ಫೋಟೋ ತೆಗೆಯಬಾರದೆಂದಿದ್ದರೆ ಪೋಸ್ಟರಿನ ಮೇಲ್ಮೂಲೆಯಲ್ಲಿ ಸ್ಪಷ್ಟವಾಗಿ ಸೂಚಿಸಿ. ಅಂಥ ಅಡ್ಡಿ ಇಲ್ಲದಿದ್ದರೆ, ಸಹಲೇಖಕರ ಒಪ್ಪಿಗೆ ಪಡೆದು, ಸಮ್ಮೇಳನ ಮುಗಿದ ವಾರದಲ್ಲೇ ಪಿಡಿಎಫ್ ಅನ್ನು ಝೆನೋಡೊ ಅಥವಾ ಫಿಗ್‌ಶೇರ್‌ನಂಥ ಸಾರ್ವಜನಿಕ ಭಂಡಾರಕ್ಕೆ ಏರಿಸಿ. ಅಲ್ಲಿ ಅದಕ್ಕೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ಉಲ್ಲೇಖಿಸಲು ಬರುತ್ತದೆ. ಪರವಾನಗಿ ಯಾವುದೆಂದು ಆರಿಸಿ, ಸಮ್ಮೇಳನದ ಹೆಸರು ಮತ್ತು ದಿನಾಂಕ ನಮೂದಿಸಿ, ಪ್ರಬಂಧ ಅಚ್ಚಾದ ದಿನ ಅದರ ಕೊಂಡಿಯನ್ನು ಅದೇ ಪುಟಕ್ಕೆ ಸೇರಿಸಿ.